ಥಳಿ ಹೊಡೆದಷ್ಟು ರಸ್ತೆ

ನಮ್ಮ ಅಂಗಳ ಎಲ್ಲಿ ಮುಗಿದು ಸರಕಾರದ ರಸ್ತೆ ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಖಚಿತವಾಗಿ ತಿಳಿದಿಲ್ಲ. ಹಾಲಿನವನು ಬಂದ ವೇಳೆಯನ್ನೂ ದಿನಚರಿಯಲ್ಲಿ ಬರೆದಿಡುವವಳಿಗೆ ಇದು ನಾಚಿಕೆಯ ಸಂಗತಿಯೇ. ಆದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಅದು ಯಾರಿಗೂ ತಿಳಿದಿಲ್ಲ. ಬೆಳಿಗ್ಗೆ ಯಾರು ಎಲ್ಲಿಯವರೆಗೆ ಥಳಿ ಹೊಡೆಯುತ್ತಾರೋ, ಅಂದರೆ ಕಸ ಗುಡಿಸಿ ನೀರು ಚಿಮುಕಿಸುತ್ತಾರೋ, ಅಲ್ಲಿಯವರೆಗೆ ಅವರದು. ಆ ಒದ್ದೆ ಗೆರೆಯೇ ನಮ್ಮ ಹಕ್ಕುಪತ್ರ.

ಓಣಿಯ ರಸ್ತೆ ಪೂರ್ತಿ ಕಿತ್ತುಹೋಗಿತ್ತು. ಅರ್ಧ ಖರ್ಚು ನಿವಾಸಿಗಳು ಹಾಕಿದರೆ ಪುರಸಭೆಯವರು ಪೇವರ್ಸ್, ಅಂದರೆ ಸಿಮೆಂಟಿನ ಹಾಸುಬಿಲ್ಲೆ, ಹಾಸಿಕೊಡುತ್ತಾರೆ ಎಂಬ ಮಾತು ಬಂದಾಗ ಎಲ್ಲರೂ ಖುಷಿಯಿಂದಲೇ ಒಪ್ಪಿದರು. ಮನೆಮನೆಯಿಂದ ಹಣ ಕೂಡಿಸುವ ಪಟ್ಟಿ ಎತ್ತುವುದು ನಮಗೆ ಹೊಸದಲ್ಲ, ಗಣಪತಿಗೆ, ಪ್ರವಚನಕ್ಕೆ ಎತ್ತಿ ಪಳಗಿದವರು. ಆದರೆ ದೇವರಿಗೆ ಮನಸ್ಸು ಬಂದಷ್ಟು ಕೊಟ್ಟರೆ ನಡೆಯುತ್ತದೆ, ರಸ್ತೆಗೆ ಲೆಕ್ಕ ಬೇಕು. ಲೆಕ್ಕವೆಂದರೆ ನಾನು ಎಂದು ಓಣಿ ತೀರ್ಮಾನಿಸಿತು.

ನಾನು ಓದಲು ಕುಳಿತೆ. ಪರದೇಶದ ಕೆಲವು ನಗರಗಳಲ್ಲಿ ಮನೆ ಮುಂದಿನ ಉದ್ದ ಅಳೆದು ರಸ್ತೆಯ ಖರ್ಚು ಹಂಚುತ್ತಾರಂತೆ. ನ್ಯಾಯವಾಗಿ ಕಂಡಿತು. ನಮ್ಮಲ್ಲಿ ಅಳೆಯಲು ಟೇಪು ಯಾಕೆ, ಥಳಿ ಹೊಡೆದಷ್ಟು ಪಾಲು ಎಂದು ಸಭೆಯಲ್ಲಿ ಜಾಣತನ ತೋರಿಸಿದೆ. ಪಕ್ಕದ ಮನೆಯ ಕಿರಾಣಿ ಅಂಗಡಿ ಬಸಣ್ಣ ಕಾಕಾ, “ಹುಡುಗಿ ಭಾಳ ಶ್ಯಾಣೆ ಐತಿ” ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ ಅಂಗಳಗಳೆಲ್ಲ ಕುಗ್ಗಿಹೋಗಿದ್ದವು. ಬಾಗಿಲಷ್ಟು ಅಗಲ ನೀರು, ನಡುವೆ ಯಾರದೂ ಅಲ್ಲದ ಒಣ ನೆಲ. ನಿನ್ನೆಯವರೆಗೆ ತಮ್ಮ ಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿದರೂ ಸಿಡುಕುತ್ತಿದ್ದ ಕಾಕಾ ನಮ್ಮವ್ವನಿಗೆ, “ಅಕ್ಕಾರ, ಈ ಮೂಲಿ ತನಕ ನಿಮ್ದ ಅಲ್ರಿ?” ಎಂದರು.

“ಇಲ್ರಿ, ನೀವ ಇಟ್ಕೋರಿ. ನಾವೇನ ಎಂದಾರ ಅದಕ್ಕ ಆಸೆ ಮಾಡೇವೇನು?” ಎಂದಳು ಅವ್ವ.

ಇಷ್ಟು ಔದಾರ್ಯವನ್ನು ನಮ್ಮ ಓಣಿ ಹಿಂದೆಂದೂ ಕಂಡಿರಲಿಲ್ಲ.

ಒಬ್ಬರು ಮಾತ್ರ ಕುಗ್ಗಲಿಲ್ಲ. ತಿರುವಿನಲ್ಲಿರುವ ಗಂಗವ್ವ ಆಯಿ. ಮನೆ ಒಂದೇ ಖೋಲಿಯದು, ಆದರೆ ಅದರ ಹಿತ್ತಲ ಗೋಡೆ ಓಣಿಯ ಬದಿಗೆ ಉದ್ದಕ್ಕೆ ಚಾಚಿದೆ. ಆಯಿ ಕಡಕ್ ರೊಟ್ಟಿ ಬಡಿದು ಖಾನಾವಳಿಗೆ ಕಳಿಸುತ್ತಾರೆ. ರಿಕ್ಷಾ ಓಣಿ ದಾಟುವಷ್ಟರಲ್ಲಿ ಅರ್ಧ ರೊಟ್ಟಿ ಚೂರು. ಚೂರಿಗೆ ಯಾರೂ ಬೆಲೆ ಕೊಡುವುದಿಲ್ಲ. ರಸ್ತೆ ಎಲ್ಲರಿಗಿಂತ ಬೇಕಾದವರು ಅವರೇ, ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕೊಡಬೇಕಾದವರೂ ಅವರೇ.

“ಆಯಿ, ಇಷ್ಟುದ್ದ ಥಳಿ ಹೊಡಿಬ್ಯಾಡ್ರಿ, ಎಲ್ಲಾ ನಿಮ್ಮ ಮ್ಯಾಲ ಬರತೈತಿ” ಎಂದೆ.

“ರೊಕ್ಕ ಉಳೀತೈತಂತ ಗ್ವಾಡಿ ಮಗ್ಗಲ ಹೊಲಸ ಇಟ್ಕೊಂಡು ಕುಂದ್ರಲೇನ ತಂಗಿ?” ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, “ಅಷ್ಟ ಕೇಳಿದ್ರ ನನ್ನ ಕೈಲೆ ಆಗೂದಿಲ್ಲ. ನಮ್ಮನಿ ಮುಂದಿಂದು ಬಿಟ್ಟ ಹಾಸ್ರಿ ಅಂತ ಹೇಳು” ಎಂದರು.

ಅಂದು ಸಂಜೆ ಸಭೆಯಲ್ಲಿ ಅದನ್ನೇ ಹೇಳಿದೆ. ಬಸಣ್ಣ ಕಾಕಾ ಕುಳಿತಲ್ಲಿಂದ ಮುಂದೆ ಸರಿದರು. “ಓಣ್ಯಾಗ ಯಾರ ಮದುವಿ ಆದ್ರೂ ಶಾಮಿಯಾನ ಆ ಗ್ವಾಡಿ ಮಗ್ಗಲಕ್ಕ. ನನ್ನ ಮಗಳಿಗೆ ಅಕ್ಕಿಕಾಳು ಬಿದ್ದದ್ದೂ ಅಲ್ಲೇ. ಉಣ್ಣುವಾಗ ಓಣಿದು, ಕೊಡುವಾಗ ಆಯಿದು ಅಂದ್ರ ಹೆಂಗ?”

ನನ್ನ ಪರದೇಶದ ಲೆಕ್ಕ ಅಲ್ಲಿಗೆ ಮುಗಿಯಿತು. ಬಾಗಿಲಿಗೊಂದು ಸಮ ಪಾಲು, ಗೋಡೆಯ ಮಗ್ಗಲು ಓಣಿಯ ಲೆಕ್ಕ ಎಂದಾಯಿತು. ಆಯಿ ತಮ್ಮ ಬಾಗಿಲಿನ ಪಾಲನ್ನು ಎಲ್ಲರಿಗಿಂತ ಮೊದಲು ತಂದುಕೊಟ್ಟರು.

ಈಗ ರೊಟ್ಟಿಗಳು ಇಡಿಯಾಗಿ ಖಾನಾವಳಿ ಮುಟ್ಟುತ್ತಿವೆ. ಪೇವರ್ಸ್ ಬಿದ್ದ ಮರುದಿನ ಆಯಿ ಬಾಗಿಲ ಮುಂದಷ್ಟೇ ಥಳಿ ಹೊಡೆದು, ಕಸಬರಿಗೆಯನ್ನು ಗೋಡೆಗೆ ಒರಗಿಸಿ ನನ್ನನ್ನು ಕರೆದರು. “ಗ್ವಾಡಿ ಮಗ್ಗಲದ್ದು ಈಗ ಓಣಿದಾತಲ್ಲ? ಅಲ್ಲಿ ಕಸಾ ಯಾರ ಹೊಡೀತಾರ ಕೇಳವಾ.”

ಕೇಳಿದೆ. ಮನೆಗೊಂದು ದಿನ ಎಂದು ಪಾಳಿ ಬಿತ್ತು. ನಮ್ಮದು ಶನಿವಾರ. ಹಣ ಕೊಟ್ಟರೆ ಪಾಲು ಮುಗಿಯಿತು ಎಂದುಕೊಂಡಿದ್ದೆ. ರಸ್ತೆ ನಮ್ಮದಾಗುವುದೆಂದರೆ ವಾರಕ್ಕೊಮ್ಮೆ ಬೇಗ ಏಳುವುದು ಎಂದು ಪರದೇಶದ ಯಾವ ನಗರವೂ ನನಗೆ ಹೇಳಿರಲಿಲ್ಲ.