ಅಟ್ಟದಲ್ಲಿ ಗುಳುಗುಟ್ಟಿದ್ದು

ಮಿತ್ರರೇ, ಕೊಬ್ಬರಿ ಕೊಳ್ಳಲು ಬಂದ ರಂಗಣ್ಣ ಇಂದು ಬೆಳಿಗ್ಗೆ ನಮ್ಮ ಅಟ್ಟವೇರಿ, ಒಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಮುಖ ಸಿಂಡರಿಸಿದ.

"ಗುಳುಗುಳು ಅಂತೈತೆ ಸಾ. ಒಳಗಿನ್ನೂ ನೀರೈತೆ. ಒಣಗಿಲ್ಲ ಬುಡಿ."

ವರ್ಷವಿಡೀ ಒಣಗಿಸಿದ ಕೊಬ್ಬರಿಗೆ ಈ ಅಪವಾದವೇ? "ಅಲ್ಲಾಡಿಸದೆ ಕೇಳು" ಎಂದೆ. ಕಾಯಿ ಅಲುಗದಿದ್ದರೂ ಸದ್ದು ನಿಲ್ಲಲಿಲ್ಲ.

ಕೆಳಗಿನ ಅಡುಗೆಮನೆಯಿಂದ ನನ್ನ ಪತ್ನಿ ಹೇಳಿದಳು: "ಆ ಜಾಡಿ ತೋರಿಸ್ಬುಡ್ರೀ. ಇಲ್ದಿದ್ರೆ ಯಾಪಾರ ಹೋಯ್ತು."

ಈ ಚಳಿಗೆ ದ್ರಾಕ್ಷಿರಸ ಹುಳಿಯುವುದು ನಿಂತೀತೆಂದು, ಕೆಳಗಿನ ಒಲೆಯ ಕಾವು ತಾಗುವ ಅಟ್ಟದ ಮೂಲೆಯಲ್ಲಿ ಕಂಬಳಿ ಹೊದಿಸಿ ಬಚ್ಚಿಟ್ಟಿದ್ದ ವೈನಿನ ಜಾಡಿಯನ್ನು ನಾನೇ ತೆರೆದು ತೋರಿಸಿದೆ.

ರಂಗಣ್ಣ ಮೂಸಿ ನೋಡಿದ. "ಕೊಬ್ಬರಿ ಚೆನ್ನಾಗೇ ಒಣಗೈತೆ ಸಾ. ಇದು ಯಾವಾಗ ಆಯ್ತದೆ?"

ಕೊಬ್ಬರಿಯ ಮಾನ ಉಳಿಯಿತು. ಪಾನನಿರೋಧದ ಭಾಷಣಗಳಿಗೆ ಹೆಸರಾಗಿದ್ದ ಈ ಮೇಷ್ಟ್ರ ಮಾನ ಇಷ್ಟು ಹೊತ್ತಿಗೆ ರಂಗಣ್ಣನ ಜೊತೆ ಹೊನ್ನವಳ್ಳಿಯ ಬಸ್ಸು ಹತ್ತಿ ಹೋಗಿರಬೇಕು.