ಮೀಟರ್ ಮಾವನ ಪೆಟ್ಟಿಗೆ ದೀಪ

ಮೂವತ್ತೊಂದು ವರ್ಷ ಕಂಡವರ ಮನೆಯ ಕರೆಂಟ್ ಮೀಟರ್ ಓದಿದ ಮನುಷ್ಯ ನಿವೃತ್ತನಾದ ಮೇಲೆ ಕೈಕಟ್ಟಿ ಕೂರುತ್ತಾನೆಯೇ? ಕೂತರೆ ಅವನು ಮೀಟರ್ ಮಾವ ಹೇಗಾದಾನು! ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ ಹಾಗೆ. ಅವನಿಗಾದರೋ ಜನರ ಹೆಸರು ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಯೂನಿಟ್ಟು ನಿಲ್ಲುತ್ತಿತ್ತು. ಮೂಲೆಮನೆಯ ಮೇಷ್ಟ್ರು ಎದುರಾದರೆ, “ಏನ್ರೀ ಎಂಬತ್ತೆರಡು, ಚೆನ್ನಾಗಿದ್ದೀರಾ?” ಎಂದು ಕೇಳುವ ಆಸಾಮಿ. ಬಿಲ್ಲು ಜಾಸ್ತಿ ಬಂತು ಎಂದು ಯಾರಾದರೂ ಗೋಳಾಡಿದರೆ ಅವನದು ಒಂದೇ ಉತ್ತರ: “ಮೀಟರ್ ಸುಳ್ಳು ಹೇಳಲ್ಲ. ಕಳ್ಳ ನಿಮ್ಮನೆ ಒಳಗೇ ಇದ್ದಾನೆ, ಹುಡುಕ್ಕೊಳ್ಳಿ.”

ಅಕ್ಕಿಯಿಂದ ಹಿಡಿದು ಸೋಪಿನವರೆಗೆ ಎಲ್ಲದರ ಬೆಲೆ ಏರಿ, ತಾನೇನು ಕಡಿಮೆ ಎಂದು ಕರೆಂಟಿನ ದರವೂ ಏರಿದ ತಿಂಗಳು, ಮಾವ ಬಿಲ್ಲನ್ನು ಮೂರು ಸಲ ಕೂಡಿ ನೋಡಿದ. ಅಂದಿನಿಂದ ಮನೆಯಲ್ಲಿ ಅವನದೇ ದರ್ಬಾರು. ಫ್ಯಾನು ಎರಡರ ಮೇಲೆ ತಿರುಗಕೂಡದು. ಗಂಡಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಕೂತರೆ ಎರಡು ದೀಪ ದಂಡ, ಆದ್ದರಿಂದ ಮುನಿಸಿಕೊಂಡರೂ ಒಂದೇ ಕೋಣೆಯಲ್ಲಿ ಮುನಿಸಿಕೊಳ್ಳಬೇಕು. ಫ್ರಿಜ್ಜಿನೊಳಗಿಂದ ಏನು ಬೇಕೆಂದು ಬಾಗಿಲು ತೆರೆಯುವ ಮೊದಲೇ ತೀರ್ಮಾನಿಸಿರಬೇಕು. ಹೆಂಡತಿ ಇದನ್ನೆಲ್ಲ ನಗುತ್ತಲೇ ಸಹಿಸಿದಳು. ಕಡೆಗೆ ಮಾವನ ಕಣ್ಣು ಅವಳ ಹೊಲಿಗೆ ಮಷೀನಿನ ಮೋಟಾರಿನ ಮೇಲೆ ಬಿತ್ತು.

ಅವಳು ಇಪ್ಪತ್ತು ವರ್ಷ ಪೆಡಲು ತುಳಿದು ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದವಳು. ಮಂಡಿ ಸವೆದಿದೆ, ಇನ್ನು ತುಳಿಯಕೂಡದು ಎಂದು ಡಾಕ್ಟರು ಹೇಳಿದ ಮೇಲೆ ತನ್ನದೇ ದುಡಿಮೆಯಲ್ಲಿ ಆ ಮೋಟಾರು ಹಾಕಿಸಿಕೊಂಡಿದ್ದಳು. ಅದು ಹೋದರೆ ಅವಳ ಕಸುಬೇ ಹೋದಂತೆ.

“ಬೆಳಗ್ಗಿಂದ ಸಂಜೆವರೆಗೂ ಗುರ್ ಅಂತಿರುತ್ತೆ. ಅದೇ ಕಳ್ಳ,” ಎಂದ ಮಾವ.

“ರೀ, ಅದು ಒಂದು ಬಲ್ಬಿನಷ್ಟೂ ತಿನ್ನಲ್ಲ. ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವನಿಗೆ ಅಭ್ಯಾಸವೇ ಇರಲಿಲ್ಲ.

“ಸರಿ ಹಾಗಾದ್ರೆ,” ಎಂದಳು ಅವಳು. “ಒಂದು ತಿಂಗಳು ಬಿಚ್ಚಿಡಿ. ಬಿಲ್ಲು ಇಳಿದ್ರೆ ಮೋಟಾರ್ ಮಾರಿಬಿಡಿ, ನಾನು ಹೊಲಿಯೋದೇ ಬಿಡ್ತೀನಿ. ಇಳೀಲಿಲ್ಲ ಅಂದ್ರೆ ನೀವೇ ಕೈಯಾರೆ ವಾಪಸ್ ಕೂರಿಸ್ಬೇಕು, ಮತ್ತೆ ಯಾವ ಸ್ವಿಚ್ಚಿನ ವಿಷಯಕ್ಕೂ ಬಾಯಿ ಬಿಡಬಾರದು. ಅಲ್ಲೀವರೆಗೂ ಪೆಡಲ್ ನಿಮ್ಮದು.”

ಹೀಗೆ ಮಾವ ನೆಲಕ್ಕಿಳಿದ. ಮೇಲೆ ಕುರ್ಚಿಯಲ್ಲಿ ಕೂತು ಅವಳು ಬಟ್ಟೆ ಹಿಡಿಯುವುದು, ಮಷೀನಿನ ಕೆಳಗೆ ಕೂತು ಇವನು ಎರಡೂ ಕೈಯಿಂದ ಪೆಡಲು ಒತ್ತುವುದು. “ನಡೀಲಿ... ನಡೀಲಿ... ಕಾಲರ್ ಬಂತು, ನಿಧಾನ... ನಿಲ್ಲಿಸ್ರೀ ಅಂದ್ರೆ!” ಅಳತೆ ಕೊಡಲು ಬಂದ ಹೆಂಗಸರು ಬಗ್ಗಿ ನೋಡಿ, “ಅಯ್ಯೋ, ಮಾವ ಇಲ್ಲಿದ್ದಾರೆ ಕಣ್ರೇ!” ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ಮೂರನೆಯ ದಿನಕ್ಕೆ ಅವನ ಭುಜ ಹಿಡಿಯಿತು, ವಾರಕ್ಕೆ ಸೊಂಟ. ಲೆಕ್ಕದ ಚಪಲ ನೋಡಿ, ಒಂದು ಅಂಗಿಗೆ ಎಷ್ಟು ತುಳಿತ ಎಂದು ಎಣಿಸಹೋದ. ಎರಡು ಸಾವಿರ ದಾಟಿದ್ದೇ ತಡ, ಸುಸ್ತಾಗಿ ಎಣಿಕೆ ತಪ್ಪಿತು. ಇಪ್ಪತ್ತು ವರ್ಷ ಇವಳು ಹೇಗಪ್ಪಾ ತುಳಿದಳು ಎಂದುಕೊಂಡು ಮತ್ತೆ ಪೆಡಲಿಗೆ ಕೈ ಹಚ್ಚಿದ.

ಅವನಿಗಿದ್ದ ಒಂದೇ ಸಮಾಧಾನ ಹೊರಬಾಗಿಲ ಪಕ್ಕದ ಮೀಟರ್ ಪೆಟ್ಟಿಗೆ. ದಿನಕ್ಕೆ ಹತ್ತು ಸಲ ಅಂಕಿ ನೋಡಬೇಕು, ಆದರೆ ಕಣ್ಣು ಮಂಜು, ಆ ಮೂಲೆಯೋ ಕತ್ತಲು. ಅದಕ್ಕೇ, ಮೋಟಾರು ಬಿಚ್ಚಿಟ್ಟ ದಿನವೇ, ಯಾವುದೋ ಕೆಟ್ಟ ಫ್ರಿಜ್ಜಿನಿಂದ ಕಿತ್ತಿಟ್ಟಿದ್ದ ಬಾಗಿಲ ಸ್ವಿಚ್ಚಿನ ಗುಂಡಿಯನ್ನು ಮರದ ಪೆಟ್ಟಿಗೆಯ ಚೌಕಟ್ಟಿಗೆ ಹೊಂದಿಸಿ, ಅಟ್ಟದಲ್ಲಿದ್ದ ಇನ್ನೂರು ವಾಟಿನ ಹಳೆ ಬಲ್ಬು ಹಾಕಿದ್ದ. ಹೊಸದು ತಂದರೆ ದುಂದು ಅಲ್ಲವೇ! ಬಾಗಿಲು ತೆರೆದರೆ ದೀಪ ಹತ್ತಬೇಕು, ಮುಚ್ಚಿದರೆ ಆರಬೇಕು. ಆರಿಸಲು ಮರೆಯುವ ಮಾತೇ ಇಲ್ಲ. ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆಯಾಯಿತು. ಮನೆಯ ಬೆಕ್ಕು ಮಾತ್ರ ಅದಕ್ಕೆ ಕ್ಯಾರೇ ಎನ್ನದೆ ದಿನವಿಡೀ ಪೆಟ್ಟಿಗೆಯ ಮೇಲೆ ಮೈಚಾಚಿ ಮಲಗುತ್ತಿತ್ತು. ಮಾವ ಓಡಿಸಿದಷ್ಟೂ ತಿರುಗಿ ಬರುತ್ತಿತ್ತು.

ಅಂಕಿಯೋ, ದಿನದಿನಕ್ಕೂ ಓಡುತ್ತಿತ್ತು. ಫ್ಯಾನು ಎರಡರಿಂದ ಒಂದಕ್ಕಿಳಿಯಿತು, ಇಸ್ತ್ರಿಪೆಟ್ಟಿಗೆ ಬೀರು ಸೇರಿತು, ಊಹೂಂ. ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ನೂರಕ್ಕೂ ಮಿಕ್ಕಿ ಯೂನಿಟ್ಟು ಏರಿತ್ತು! ಮೀಟರ್ ಸುಳ್ಳು ಹೇಳಲ್ಲ ಎಂದು ಜನ್ಮವಿಡೀ ಸಾರಿದವನು ಕೂತು ಅರ್ಜಿ ಬರೆದ, ನಮ್ಮ ಮನೆಯ ಮೀಟರ್ ಸುಳ್ಳು ಹೇಳುತ್ತಿದೆ ಎಂದು.

ಪರೀಕ್ಷೆಗೆ ಬಂದವಳು ಅವನ ಕೈಕೆಳಗೇ ಕೆಲಸ ಕಲಿತು, ಈಗ ಅವನ ಜಾಗದಲ್ಲಿರುವ ಹೆಣ್ಣುಮಗಳು. ಮನೆಯ ಸ್ವಿಚ್ಚೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕೀಳಿಸಿ ಪೆಟ್ಟಿಗೆ ತೆರೆದಳು. ಮೀಟರಿನ ಕೆಂಪು ಚುಕ್ಕಿ, ಕರೆಂಟು ಇನ್ನೂ ಓಡುತ್ತಿದೆ ಎನ್ನುವಂತೆ, ಮಿಣುಕುತ್ತಲೇ ಇತ್ತು.

“ಈ ಬಲ್ಬು ಯಾಕೆ ಸಾರ್?”

“ಅದು ಬಾಗಿಲು ಮುಚ್ಚಿದ್ರೆ ತಾನೇ ಆರುತ್ತಮ್ಮಾ. ನನ್ನದೇ ತಲೆ!”

“ಮುಚ್ಚಿದ ಮೇಲೆ ಆರಿದ್ದನ್ನ ಯಾರು ನೋಡಿದ್ದಾರೆ ಸಾರ್?”

ಅವಳು ಬಾಗಿಲು ಮುಚ್ಚಿ, ಬೆಕ್ಕನ್ನು ಎತ್ತಿ ಕೆಳಗಿಟ್ಟು, ಹಲಗೆಯ ಮೇಲೆ ಅಂಗೈ ಇಟ್ಟಳು. “ಅಬ್ಬಾ, ಏನ್ ಬಿಸಿ! ಈ ಮೊಳೆ ತೂತಲ್ಲಿ ನೋಡಿ ಸಾರ್.” ಮಾವ ಸೊಂಟ ಹಿಡಿದುಕೊಂಡು ಬಗ್ಗಿ ನೋಡಿದ. ಒಳಗೆ ಹಾಡಹಗಲು. ಬಾಗಿಲ ಮರ ಸೊಟ್ಟಗಾಗಿ ಗುಂಡಿಗೆ ತಾಗುತ್ತಲೇ ಇರಲಿಲ್ಲ. ಒಂದು ತಿಂಗಳು, ಹಗಲೂ ರಾತ್ರಿ, ಇನ್ನೂರು ವಾಟು!

“ಕಳ್ಳ ಮನೆಯಲ್ಲೇ ಇರ್ತಾನೆ ಅಂತ ನೀವೇ ಅಲ್ವಾ ಸಾರ್ ಕಲಿಸಿದ್ದು,” ಎಂದು ಅವಳು ಬಲು ಮರ್ಯಾದೆಯಿಂದ ಹೇಳಿ ಹೊರಟಳು.

ಮಾವ ತಿರುಗಿದರೆ ಬಾಗಿಲಿಗೊರಗಿ ಹೆಂಡತಿ ನಿಂತಿದ್ದಳು, ತುಟಿ ಬಿಗಿಹಿಡಿದು.

“ನಿನಗೆ ಗೊತ್ತಿತ್ತೇನೇ?”

“ಮೂರನೇ ದಿನಾನೇ. ಬೆಕ್ಕು ಒಲೆ ಪಕ್ಕ ಬಿಟ್ಟು ಇಲ್ಲಿ ಬಂದು ಮಲಗಿದಾಗಲೇ ಮುಟ್ಟಿ ನೋಡಿದೆ.”

“ಒಂದು ಮಾತು ಹೇಳೋದಲ್ವಾ?”

“ಹೇಳಿದ್ರೆ ಬಿಲ್ಲು ಇಳೀತಿತ್ತು, ನನ್ನ ಮೋಟಾರ್ ಹೋಗ್ತಿತ್ತು. ಅಲ್ಲದೆ, ಮಂಡಿ ನೋವು ಅಂತ ಬಾಯಲ್ಲಿ ಎಷ್ಟು ಹೇಳಿದ್ರೂ ನಿಮ್ಮ ಕಿವಿಗೆ ಹೋಗ್ಲಿಲ್ಲ. ಒಂದು ತಿಂಗಳು ಕೆಳಗೆ ಕೂತ್ಕೊಳ್ಳಲಿ ಅಂದ್ಕೊಂಡೆ.”

ಮಾವ ಬೀರುವಿನಿಂದ ಮೋಟಾರು ತಂದ, ಸ್ಕ್ರೂ ಡ್ರೈವರು ಹಿಡಿದು ಮಷೀನಿನ ಕೆಳಗೆ ಇನ್ನೊಮ್ಮೆ ತೂರಿದ, ಬೆಲ್ಟು ಏರಿಸಿದ. ಏಳಲು ಹೋದರೆ ಭುಜ ಮತ್ತೆ ಹಿಡಿಯಿತು. ಅವಳು ಕೈಕೊಟ್ಟು ಎಬ್ಬಿಸಿದಳು.

“ಒಂದು ಅಂಗಿಗೆ ಎರಡು ಸಾವಿರದ ಮೇಲೆ ತುಳಿತ ಕಣೇ,” ಎಂದ ಮಾವ, ಎಲ್ಲೋ ನೋಡುತ್ತಾ. “ಎಣಿಸಿದ್ದೆ.”

“ಎರಡು ಸಾವಿರದ ಆರುನೂರು,” ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ. “ಜೇಬಿದ್ರೆ ಇನ್ನೂ ಮುನ್ನೂರು.”

ಮಾವ ಅವಳ ಮಂಡಿಯನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕೈ ಚಾಚಿ ತಾನೇ ಸ್ವಿಚ್ಚು ಹಾಕಿದ.