ಗುಡ್ಡ ಹತ್ತುವ ಗಾಡಿ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನಾಗ ಇಚಲಕರಂಜಿಯ ಶಹಾಪುರದಲ್ಲಿ ವಿದ್ಯುತ್ ಮಗ್ಗದ ಶೆಡ್ಡೊಂದರಲ್ಲಿ ಜಾಬರ್ ಆಗಿದ್ದೆ. ಕೆಟ್ಟು ನಿಂತ ಮಗ್ಗಗಳನ್ನು ಮತ್ತೆ ನಡೆಸುವುದು ನನ್ನ ಕೆಲಸ. ಊರು ಗಡಹಿಂಗ್ಲಜ ಕಡೆಯ ಹಳ್ಳಿ, ಮನೆತನದ ಕಸುಬು ಕುರಿ. ಒಂದು ವರ್ಷ ಅಪ್ಪ ಹಳ್ಳ ದಾಟುವಾಗ ಜಾರಿಬಿದ್ದು ಬಲ ಮೊಣಕಾಲು ಒಡೆದುಕೊಂಡ. ಎಲುಬು ಕೂಡಿತು, ಕಾಲು ಮಾತ್ರ ಮಡಚದಾಯಿತು. ಕುರಿಗಳೆಲ್ಲ ಕಾಕಾನ ಜೊತೆ ಕೋವಾಡದ ಆಚೆ ಗುಡ್ಡದ ಮೇಲೆ; ಅಪ್ಪ ಮನೆಯ ಕಟ್ಟೆಯ ಮೇಲೆ.

ಕಟ್ಟೆ ಹಿಡಿದವನು ಎಲ್ಲರ ಮೇಲೂ ಹರಿಹಾಯತೊಡಗಿದ. ರೊಟ್ಟಿ ದಪ್ಪವಾದರೂ ಬೈಗುಳ, ತೆಳುವಾದರೂ ಬೈಗುಳ. ನಾನು ಊರಿಗೆ ಹೋದಾಗ ಅವ್ವ ಹಿತ್ತಲಿಗೆ ಕರೆದು, "ಇವರನ್ನ ಹೆಂಗರ ಮಾಡಿ ಕುರಿ ಹಂತ್ಯಾಕ ಮುಟ್ಟಸೋ ಯಪ್ಪಾ. ಇಲ್ಲಾಂದ್ರ ಇವರೂ ಉಳಿಯಂಗಿಲ್ಲ, ನಾನೂ ಉಳಿಯಂಗಿಲ್ಲ" ಅಂದಳು. ಜೀಪು ಗುಡ್ಡದ ಬುಡದ ತನಕ ಮಾತ್ರ ಹೋಗುತ್ತಿತ್ತು. ಅಲ್ಲಿಂದ ಮೇಲೆ ಬರೀ ಕಲ್ಲಿನ ಕಾಲುದಾರಿ. ಕುದುರೆ ಹತ್ತಲು ಕಾಲು ಮಡಚಬೇಕು. ಹೊರಸಿನ ಮೇಲೆ ಹೊತ್ತೊಯ್ಯುತ್ತೇವೆ ಅಂದದ್ದಕ್ಕೆ ಅಪ್ಪ ಕೆಂಡವಾದ.

"ನಾಕ ಮಂದಿ ಹೊರೂದು ಒಮ್ಮೆ ಇರತೈತಿ. ಅದನ್ನ ಈಗ ಮಾಡಬ್ಯಾಡ್ರಿ."

ನಮ್ಮ ಮಾಲೀಕರ ಹಳೆಯ ಮೋಟರ್ ಸೈಕಲ್ ಶೆಡ್ಡಿನ ಮೂಲೆಯಲ್ಲಿ ಹತ್ತಿಯ ಧೂಳು ಹೊದ್ದು ಬಿದ್ದಿತ್ತು. ದೂರದ ಪ್ರವಾಸಕ್ಕೆಂದೇ ಮಾಡಿದ ಭಾರೀ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಕಡೆ ಪೆಟ್ಟಿಗೆ, ಸೋಫಾದಂಥ ಸೀಟು. ಹೆಂಡತಿಯನ್ನು ಕೂರಿಸಿಕೊಂಡು ಗೋವಾ ತನಕ ಹೋಗಿ ಬಂದವರು, ಕಾರು ಬಂದ ಮೇಲೆ ಅದನ್ನು ಮರೆತಿದ್ದರು. ಅಪ್ಪನ ಸುದ್ದಿ ಹೇಳಿದ ಕೂಡಲೇ "ಘೇವೂನ ಜಾ", ತಗೊಂಡು ಹೋಗು ಎಂದು ಕೊಟ್ಟೇಬಿಟ್ಟರು. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ನಮ್ಮ ಮಾಲೀಕರು ಆ ಗಾದೆ ಕೇಳಿರಲಿಲ್ಲ. ಗಾಜು ಬಿಚ್ಚಿದ ದಿನ ಬಂದು ನಿಂತರು. ಪೆಟ್ಟಿಗೆ ಬಿಚ್ಚಿದ ದಿನವೂ ಬಂದರು. ದಪ್ಪ ಮಡ್‌ಗಾರ್ಡನ್ನು ಗರಗಸದಿಂದ ಕೊಯ್ಯುವಾಗಂತೂ "ಅರೆ, ಕಾಯ್ ಕೇಲಂಸ್ ಹೇ!", ಏನು ಮಾಡಿಬಿಟ್ಟೆ ಇದು ಎಂದು ತಲೆಯ ಮೇಲೆ ಕೈ ಹೊತ್ತರು. ನನಗೆ ಬೇಕಾಗಿದ್ದದ್ದು ಹಗುರಾದ, ಎತ್ತರ ನಿಲ್ಲುವ, ಕಲ್ಲು ತುಳಿದು ಏರುವ ಗಾಡಿ. ಅವರಿಗೆ ಕಾಣುತ್ತಿದ್ದದ್ದು ಗೋವಾದ ರಸ್ತೆ. ಬೈಯುವ ಹಾಗಿಲ್ಲ, ಅನ್ನ ಕೊಡುವ ಮಾಲೀಕ. ಹಲ್ಲು ಕಚ್ಚಿ ಕೊಯ್ದೆ.

ಗುಡ್ಡ ಹತ್ತಲು ಹಿಂದಿನ ಗಾಲಿಗೆ ದೊಡ್ಡ ಹಲ್ಲಿನ ಚಕ್ರ ಬೇಕು. ಓಟ ಕಡಿಮೆಯಾಗಿ ಎಳೆತ ಹೆಚ್ಚುತ್ತದೆ. ಶಿರೋಳಿಯ ಒಂದು ವರ್ಕ್‌ಶಾಪಿಗೆ ಅಳತೆ ಕೊಟ್ಟೆ. ಮುಂದಿನ ರವಿವಾರ ಹೋದರೆ ಬೀಗ. ಇನ್ನೊಂದು ರವಿವಾರ ಹೋದರೆ "ಉದ್ಯಾ ಯಾ", ನಾಳೆ ಬಾ. ಕೊನೆಗೆ ಕೈಗೆ ಬಂದ ಚಕ್ರದ ಬೋಲ್ಟಿನ ತೂತುಗಳು ಒಂದೂ ಕೂಡಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮರಳುವಾಗ ಪಂಚಗಂಗೆ ಹೊಳೆಗೆ ಎಸೆದುಬಿಡಲೇ ಅನ್ನಿಸಿತ್ತು. ಅದರ ನಡುವೆ ಊರಿನಿಂದ ಬಂದವರೆಲ್ಲ ಒಂದೇ ಮಾತು ತರುತ್ತಿದ್ದರು: ಅಪ್ಪ ಈಗ ಬೈಯುವುದನ್ನೂ ಬಿಟ್ಟಿದ್ದಾನೆ. ಬೈಗುಳವಿದ್ದಾಗ ನನಗೆ ಅಷ್ಟು ಹೆದರಿಕೆ ಇರಲಿಲ್ಲ.

ಕೊಲ್ಹಾಪುರದಲ್ಲಿ ಕೆಸರಿನ ರೇಸಿಗೆ ಗಾಡಿ ಕಟ್ಟುವ ಮೇಸ್ತ್ರಿಯೊಬ್ಬನಿದ್ದ. ಅವನು ಉದ್ದ ಸೀಟು ನೋಡಿ ನಕ್ಕ. "ಇಂಥಾ ಗಾಡಿಗೆ ಹಿಂದ ಸೀಟ್ ಯಾಕ್ರಿ? ಬೀಗರನ್ನ ಕುಂದರಸ್ತೀರೇನು?" "ಅಪ್ಪನ್ನ," ಅಂದೆ. ನಗು ನಿಲ್ಲಿಸಿ ಕೆಲಸಕ್ಕೆ ಕೂತ. ಶಿರೋಳಿಯ ಚಕ್ರಕ್ಕೆ ಹೊಸ ತೂತು ಕೊರೆದು ಹಿಂದಿನ ಗಾಲಿಗೆ ಕೂಡಿಸಿದ. ಮುಂದೆ ಉದ್ದನೆಯ ಸ್ಪ್ರಿಂಗು ಹಾಕಿದ, ಅಗಲ ಹ್ಯಾಂಡಲ್ ಕೂರಿಸಿದ. ಹೊಗೆಯ ಕೊಳವೆ ಕೆಳಗಿದ್ದರೆ ಕಲ್ಲಿಗೆ ಬಡಿಯುತ್ತದೆಂದು ಎಡಗಡೆ ಮೇಲಕ್ಕೆತ್ತಿದ. ದೊಡ್ಡ ಸೈಲೆನ್ಸರ್ ಅಲ್ಲಿ ಹಿಡಿಯದ್ದಕ್ಕೆ ಮೋಟು ಕೊಳವೆ ಬಂತು. ಬಲಗಡೆ, ಅಪ್ಪನ ಸೆಟೆದ ಕಾಲು ಚಾಚಿ ಇಡಲು, ನಾನೇ ಗುಜರಿ ಮಗ್ಗದ ಪಟ್ಟಿಯೊಂದನ್ನು ಬೆಸುಗೆ ಹಾಕಿಸಿದೆ. ಆ ಗಾಡಿಯಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೂತದ್ದು ಅದೊಂದೇ.

ಬೇಸಿಗೆಯ ಒಂದು ಮುಂಜಾನೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಅವನು ಕಂಬಳಿ ಹೆಗಲಿಗೆ ಹಾಕಿ, ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದರಲ್ಲಿ ನನ್ನ ಅಂಗಿ ಹಿಡಿದಿದ್ದ. ಗುಡ್ಡದ ಬುಡದಲ್ಲಿ ಜೀಪು ನಿಲ್ಲುವ ಜಾಗ ದಾಟಿ ಗಾಡಿ ಕಲ್ಲಿನ ದಾರಿಗೆ ಬಿತ್ತು. ಜಾರಿತು, ಗುದ್ದಿತು, ನಿಲ್ಲಲಿಲ್ಲ. ಏರಿತು! ಅಷ್ಟು ದಿನದ ಸಿಟ್ಟೆಲ್ಲ ಇಳಿದು ನಾನು ಒಬ್ಬನೇ ಕೂಗಾಡುತ್ತಿದ್ದೆ. ಹಿಂದೆ ಅಪ್ಪ ಏನೋ ಹೇಳುತ್ತಿದ್ದ. ಗಾಡಿಯ ಸಪ್ಪಳದಲ್ಲಿ ನನಗೆ ಕೇಳಲಿಲ್ಲ.

ನೆತ್ತಿಗೆ ಬಂದಾಗ ಕಣ್ಣಿಗೆ ಬಿದ್ದದ್ದು ಕುರಿಗಳ ಬೆನ್ನು. ಮೋಟು ಕೊಳವೆಯ ಆರ್ಭಟಕ್ಕೆ ಇಡೀ ಹಿಂಡು ಒಡೆದು ದಿಕ್ಕಾಪಾಲಾಗಿ ಓಡುತ್ತಿತ್ತು. ನಾಯಿಗಳು ಕುರಿ ಬಿಟ್ಟು ನಮ್ಮ ಮೇಲೆ ಬಂದವು. ಕಾಕಾ ದೂರದಿಂದಲೇ ಅರಚಿದ: "ಬಂದ್ ಮಾಡೋ ಅದನ್ನ! ಗಬ್ಬದ ಕುರಿ ಅದಾವು, ಹೆದರಿ ಕಂದ ಹಾಕತಾವು!"

ಎಂಜಿನ್ ನಿಲ್ಲಿಸಿದೆ. ಅಪ್ಪ ನನ್ನ ಭುಜ ಒತ್ತಿ ಹಿಡಿದು ಇಳಿದ. ಕೋಲೂರಿ ನಾಲ್ಕು ಹೆಜ್ಜೆ ಹೋಗಿ, ತುಟಿ ಅದುರಿಸಿ ಕೂಗಿದ. ಮೊದಲು ಒಂದು ಮುದಿ ಕುರಿ ನಿಂತು ತಿರುಗಿತು. ಆಮೇಲೆ ಉಳಿದವು ಒಂದೊಂದಾಗಿ ಬಂದು ಅವನ ಸುತ್ತ ಕೂಡಿದವು. ಅಪ್ಪ ಗಬ್ಬದ ಕುರಿಗಳ ಹೊಟ್ಟೆ ಸವರಿ ನೋಡುತ್ತ, ಅವುಗಳನ್ನು ಬಾಯಿ ತುಂಬ ಬೈಯುತ್ತಿದ್ದ.

"ಸಂಜೀಮುಂದ ಇಳಿಯೋಣು," ಅಂದೆ.

"ನಾ ಬರಂಗಿಲ್ಲ. ಮಳಿಗಾಲಕ್ಕ ಕುರಿ ಇಳೀತಾವಲ್ಲ, ಅವುಗಳ ಜೋಡಿ ನಿಧಾನಕ ಇಳೀತೇನಿ."

"ಹಂಗಾದ್ರ ನಾ ರವಿವಾರಕ್ಕೊಮ್ಮೆ ಬರತೇನಿ."

"ಬಾ. ಗಾಡಿ ಕೆಳಗ ನಿಂದ್ರಿಸಿ ನಡಕೋತ ಬಾ. ಈಗೂ ಸುರು ಮಾಡಬ್ಯಾಡ ಮತ್ತ, ದಬ್ಬಕೋತ ಹೋಗು."

ದಬ್ಬಿಕೊಂಡೇ ಹೋದೆ. ಎಷ್ಟು ಕೊಯ್ದರೂ ಅದು ಭಾರೀ ಗಾಡಿಯೇ. ಬ್ರೇಕು ಹಿಡಿದರೆ ಜಾರುತ್ತಿತ್ತು, ಬಿಟ್ಟರೆ ನನ್ನನ್ನೇ ಎಳೆದೊಯ್ಯುತ್ತಿತ್ತು. ಅಪ್ಪನನ್ನು ಅಲ್ಲಿಗೆ ಮುಟ್ಟಿಸಿದವನು ನಾನು. ಒಂದು ಒಳ್ಳೆಯ ಮಾತಾದರೂ ಬೇಡವೇ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಮೊದಲ ತಿರುವಿನಲ್ಲಿ ಮೇಲಿನಿಂದ ಅಪ್ಪನ ಕೂಗು ಕೇಳಿಸಿತು. ಗಾಡಿಯನ್ನು ಬಂಡೆಗೆ ಆನಿಸಿ ನಿಂತು, ತಿರುಗಿ ನೋಡಿದೆ. ಕುರಿಗಳನ್ನು ಕರೆಯುತ್ತಿದ್ದ.